ಬಿ.ಎಚ್. ರಸ್ತೆಯ ಆ ತುದಿಯ ಕಾಂಡ್ಲಾ ಕಾಡು: ಕಯಾಕ್ ಹತ್ತುವ ಮೊದಲು ತಿಳಿದಿರಬೇಕಾದ್ದು

ತುಮಕೂರಿನವರು ದಿನಾ ಬಿ.ಎಚ್. ರಸ್ತೆಯಲ್ಲಿ ಓಡಾಡುತ್ತೇವೆ. ಬಿ ಅಂದರೆ ಬೆಂಗಳೂರು, ಎಚ್ ಅಂದರೆ ಹೊನ್ನಾವರ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆಯ ಘಾಟಿ ಇಳಿದರೆ ಶರಾವತಿ ಸಮುದ್ರ ಸೇರುವ ಆ ಊರು ಸಿಗುತ್ತದೆ. ಇಲ್ಲಿಂದ ಸುಮಾರು 360 ಕಿಲೋಮೀಟರ್. ನದಿಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಬೆರೆಯುವ ಕೆಸರಿನಲ್ಲಿ ಬೇರುಬಿಟ್ಟು ನಿಂತ ಕಾಡನ್ನು ಅಲ್ಲಿಯವರು ಕಾಂಡ್ಲಾ ಅನ್ನುತ್ತಾರೆ. ಮ್ಯಾಂಗ್ರೋವ್ ಅಂತ ನಾವು ಓದಿರುವುದು ಇದನ್ನೇ. ಹೊನ್ನಾವರ ಒಂದೇ ಅಲ್ಲ, ಅಘನಾಶಿನಿ, ಕಾಳಿ, ಕುಂದಾಪುರದ ಹಿನ್ನೀರು, ಸಾಲಿಗ್ರಾಮದ ಹತ್ತಿರದ ಸೀತಾ ನದಿ, ಎಲ್ಲ ಕಡೆಯೂ ಕಾಂಡ್ಲಾ ಇದೆ. ಕೆಲವು ಕಡೆ ಗೈಡ್ ಜೊತೆ ಕಯಾಕ್‌ನಲ್ಲಿ ಒಳಗೆ ಹೋಗಿಬರಬಹುದು. ಕಯಾಕ್ ಅಂದರೆ ಒಬ್ಬರೋ ಇಬ್ಬರೋ ಕೂತು, ಎರಡೂ ತುದಿಯಲ್ಲಿ ಅಲಗಿರುವ ಹುಟ್ಟಿನಿಂದ ನಡೆಸುವ ಉದ್ದನೆಯ ಸಣ್ಣ ದೋಣಿ.

ನಮ್ಮ ಕಡೆಯಿಂದ ಹೊರಡುವವರು ಮತ್ತೆ ಮತ್ತೆ ಕೇಳುವುದು ಇಷ್ಟು: ಈಜು ಬರಲ್ಲ, ಹೋಗಬಹುದಾ? ಮಕ್ಕಳನ್ನು ಕರ್ಕೊಂಡು ಹೋಗಬಹುದಾ? ಯಾವ ತಿಂಗಳು ಒಳ್ಳೇದು? ಮೊಸಳೆ ಇರುತ್ತಾ? ಎಲ್ಲದಕ್ಕೂ ಕೆಳಗೆ ಉತ್ತರ ಇದೆ. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನ್ನ ಮಟ್ಟಿಗೆ ಅದೇ ಮೊದಲನೆಯದು. ಅದರಿಂದಲೇ ಶುರುಮಾಡುತ್ತೇನೆ.

1. ನೀರು ಯಾವ ಕಡೆ ಹೋಗುತ್ತಿದೆ?

ನಾವು ಕೆರೆ ನೋಡಿ ಬೆಳೆದವರು. ಅಮಾನಿಕೆರೆ, ಮೈದಾಳ ಕೆರೆ, ಬುಗುಡನಹಳ್ಳಿ ಕೆರೆ, ಎಲ್ಲ ನಿಂತ ನೀರು. ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ. ಕಾಂಡ್ಲಾ ಕಾಡಿನ ನೀರು ಹಾಗಲ್ಲ. ಸಮುದ್ರ ಉಬ್ಬಿದಾಗ ನದಿಯೊಳಗೆ ನೀರು ಏರಿ ಬರುತ್ತದೆ, ಅದು ಭರತ. ಸಮುದ್ರ ತಗ್ಗಿದಾಗ ಅದೇ ನೀರು ವಾಪಸ್ ಇಳಿಯುತ್ತದೆ, ಅದು ಇಳಿತ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ ಚಿಲ್ಲರೆ. ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಭರತಗಳೂ ಸಮ ಎತ್ತರಕ್ಕೆ ಬರುವುದಿಲ್ಲ, ಒಂದು ಹೆಚ್ಚು, ಒಂದು ಕಡಿಮೆ.

ಇದು ತಿಳಿಯದೆ ಹೋದರೆ ಏನಾಗುತ್ತದೆ? ಭರತದ ಹೊತ್ತಿಗೆ ಕಯಾಕ್ ಸಲೀಸಾಗಿ ನುಸುಳುವ ಸಣ್ಣ ಕಾಲುವೆ, ಇಳಿತದ ಹೊತ್ತಿಗೆ ಬರೀ ಕೆಸರಿನ ಪಟ್ಟಿ. ಒಳಗೆ ಸಿಕ್ಕಿಕೊಂಡರೆ ಮುಂದಿನ ಭರತದ ತನಕ ಕಾಯಬೇಕಾಗಬಹುದು. ಇಳಿತ ಜೋರಾಗಿರುವಾಗ ದೊಡ್ಡ ನದಿಗೆ ಬಂದರೆ ನೀರು ಅಳಿವೆಯ ಕಡೆ ಎಳೆಯುತ್ತದೆ. ಅಳಿವೆ ಅಂದರೆ ನದಿ ಸಮುದ್ರಕ್ಕೆ ಬೀಳುವ ಬಾಯಿ. ಅಲ್ಲಿ ಅಲೆ, ಮರಳಿನ ದಿಬ್ಬ, ಮೀನುಗಾರಿಕೆ ದೋಣಿಗಳ ಓಡಾಟ ಎಲ್ಲ ಇರುತ್ತದೆ. ಹೊಸಬರು ಹೋಗುವ ಜಾಗವೇ ಅಲ್ಲ.

ಎರಡು ಲೆಕ್ಕ ನೆನಪಿಟ್ಟುಕೊಳ್ಳಿ. ಒಂದು, ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಶನಿವಾರ ಬೆಳಿಗ್ಗೆ 8ಕ್ಕೆ ನೀರು ತುಂಬಿದ್ದರೆ ಭಾನುವಾರ 8.50ರ ಆಸುಪಾಸು. ಹೀಗೆ ವಾರ ಕಳೆದರೆ ಆರು ಗಂಟೆಯ ವ್ಯತ್ಯಾಸ ಬಿದ್ದು ಲೆಕ್ಕ ತಿರುಗಿಬಿಡುತ್ತದೆ: ಹೋದ ವಾರ ಭರತ ಇದ್ದ ಹೊತ್ತಿಗೆ ಈ ವಾರ ಇಳಿತ. ಪಕ್ಕದ ಮನೆಯವರು ಹೋದ ಭಾನುವಾರ 7ಕ್ಕೆ ಹೋಗಿ ತುಂಬಿದ ನೀರು ನೋಡಿ ಬಂದರು ಅಂತ ನೀವೂ ಈ ಭಾನುವಾರ 7ಕ್ಕೆ ಬುಕ್ ಮಾಡಿದರೆ ಸಿಗುವುದು ಕೆಸರು. ಎರಡನೆಯದು, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಸೆಳೆತವೂ ಹೆಚ್ಚು. ಅಷ್ಟಮಿ ನವಮಿಯ ಹೊತ್ತಿಗೆ ಏರಿಳಿತ ಕಡಿಮೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ನಿಖರ ಸಮಯ ಬೇಕಿದ್ದರೆ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಸಮುದ್ರದ ಮುನ್ಸೂಚನೆ ಕೊಡುತ್ತದೆ. ಮೊಬೈಲಿನಲ್ಲಿ ಉಬ್ಬರವಿಳಿತ ತೋರಿಸುವ ಆ್ಯಪ್‌ಗಳೂ ಇವೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಅನ್ನುವುದೂ ತಿಳಿದಿರಲಿ. ಆರು ಗಂಟೆಯ ಮಧ್ಯದ ಎರಡು ಗಂಟೆಯಲ್ಲಿ ಓಟ ಜೋರು. ತುಂಬುವ ಹೊತ್ತಿಗೆ ನಿಧಾನವಾಗಿ, ಸ್ವಲ್ಪ ಹೊತ್ತು ನಿಂತಂತೆ ಆಗುತ್ತದೆ. ಹೊಸಬರಿಗೆ ಒಳ್ಳೆಯ ಹೊತ್ತು ಅಂದರೆ ಭರತ ತುಂಬುವ ಒಂದು ಗಂಟೆ ಮುಂಚೆ ನೀರಿಗಿಳಿದು, ಇಳಿತ ಜೋರಾಗುವ ಮೊದಲು ದಡ ಸೇರುವುದು.

2. ತಿಂಗಳು ಮತ್ತು ಗಂಟೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಕರಾವಳಿಯ ಮಳೆ ನಮ್ಮ ಪಾವಗಡ, ಶಿರಾದ ಮಳೆಯಲ್ಲ. ನದಿ ಕೆಂಪಗೆ ತುಂಬಿ ಹರಿಯುತ್ತದೆ. ಶರಾವತಿಯಲ್ಲಂತೂ ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆ ಅಣೆಕಟ್ಟುಗಳಿವೆ, ನೀರು ಬಿಟ್ಟಾಗ ಕೆಳಗೆ ಏಕಾಏಕಿ ಏರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಚೆನ್ನ. ಮಾರ್ಚ್, ಏಪ್ರಿಲ್‌ನಲ್ಲೂ ಹೋಗಬಹುದು, ಆದರೆ ಅಲ್ಲಿಯ ಸೆಕೆ ಬೇರೆ. ನಮ್ಮಲ್ಲಿ ಬೆವರು ಆರುತ್ತದೆ, ಅಲ್ಲಿ ಆರುವುದೇ ಇಲ್ಲ.

ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಹಗುರ ಕಯಾಕ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ಹಾಗಾಗಿ ಬೆಳಗಿನ ಭರತ ಬೀಳುವ ದಿನ ಹುಡುಕಿ. ನಿಮ್ಮ ರಜೆಗೆ ನೀರು ಹೊಂದಿಕೊಳ್ಳುವುದಿಲ್ಲ, ನೀರಿಗೆ ನಿಮ್ಮ ರಜೆಯನ್ನೇ ಹೊಂದಿಸಬೇಕು.

3. ಬುಕ್ ಮಾಡುವ ಮೊದಲು ಕೇಳಿ

ಫೋನಿನಲ್ಲಿ ಮೊದಲ ಪ್ರಶ್ನೆ ರೇಟು ಆಗದಿರಲಿ. "ಅಣ್ಣಾ, ನಾವು ಬರೋ ದಿನ ಭರತ ಎಷ್ಟು ಹೊತ್ತಿಗೆ?" ಅಂತ ಕೇಳಿ. ನೀರು ಗೊತ್ತಿರುವವರು ತಕ್ಷಣ ಹೇಳುತ್ತಾರೆ, ಅಥವಾ ನೋಡಿ ಹೇಳುತ್ತಾರೆ. "ಯಾವಾಗ ಬಂದ್ರೂ ಆಗುತ್ತೆ" ಅಂದರೆ ಬೇರೆಯವರನ್ನು ಹುಡುಕಿ.

ಆಮೇಲೆ ಇವು: ಗೈಡ್ ನಮ್ಮ ಜೊತೆ ಇನ್ನೊಂದು ಕಯಾಕ್‌ನಲ್ಲಿ ಬರುತ್ತಾರಾ, ದಡದಲ್ಲೇ ನಿಲ್ಲುತ್ತಾರಾ? ಒಬ್ಬ ಗೈಡ್‌ಗೆ ಎಷ್ಟು ಜನ? ಎಲ್ಲರ ಅಳತೆಗೂ ಲೈಫ್ ಜಾಕೆಟ್ ಇದೆಯಾ, ಮಕ್ಕಳದ್ದು ಬೇರೆ ಇದೆಯಾ? ಒಂದು ಕಯಾಕ್ ಎಷ್ಟು ಕೆ.ಜಿ. ತಡೆಯುತ್ತದೆ? ನೀರಿನ ಮೇಲೆ ಎಷ್ಟು ಹೊತ್ತು? ಮಳೆ ಗಾಳಿ ಬಂದು ನಿಂತರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ಕಯಾಕ್ ಯಾವ ಬಗೆಯದು ಅಂತಲೂ ಕೇಳಿ. ಹೊಸಬರಿಗೆ ಮೇಲೆ ಕೂರುವ ತೆರೆದ ಕಯಾಕ್ ವಾಸಿ. ಮಗುಚಿದರೆ ನೀವು ಸೀದಾ ನೀರಿಗೆ ಬೀಳುತ್ತೀರಿ, ಕಾಲು ಒಳಗೆ ಸಿಕ್ಕಿಕೊಳ್ಳುವ ಭಯ ಇಲ್ಲ.

ಮೊದಲ ಸಲಕ್ಕೆ ಒಂದೂವರೆ ಗಂಟೆ ಧಾರಾಳ ಸಾಕು. ಮೂರು ಗಂಟೆಯ ಪ್ಯಾಕೇಜ್ ತೆಗೆದುಕೊಳ್ಳಬೇಡಿ. ಕಡೆಯ ಅರ್ಧ ಗಂಟೆಯಲ್ಲಿ ಕಾಡು ಕಣ್ಣಿಗೆ ಬೀಳುವುದಿಲ್ಲ, ಭುಜದ ನೋವಷ್ಟೇ ಗೊತ್ತಾಗುತ್ತದೆ.

4. ಯಾರು ಹೋಗಬಹುದು?

ಈಜು ಬರದವರೂ ಹೋಗಬಹುದು. ಅಳತೆಗೆ ಸರಿಯಾದ ಲೈಫ್ ಜಾಕೆಟ್ ತೊಟ್ಟಿರಬೇಕು, ಗೈಡ್ ಹತ್ತಿರದಲ್ಲಿರಬೇಕು, ಮತ್ತು "ನನಗೆ ಈಜು ಬರಲ್ಲ" ಅಂತ ಹೊರಡುವ ಮುಂಚೆಯೇ ಬಾಯಿಬಿಟ್ಟು ಹೇಳಿರಬೇಕು. ನಾಲ್ಕು ಜನರ ಮುಂದೆ ಸಂಕೋಚಕ್ಕೆ ಸುಮ್ಮನಿರುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರೂ ಜಾಕೆಟ್ ಬಿಡುವ ಹಾಗಿಲ್ಲ. ಬಾವಿಯಲ್ಲಿ ಸೆಳೆತ ಇರಲಿಲ್ಲ.

ಭುಜ, ಸೊಂಟದ ತೊಂದರೆ, ಮೂರ್ಛೆ ರೋಗ, ಹೃದಯದ ಕಾಯಿಲೆ, ಇತ್ತೀಚಿನ ಆಪರೇಷನ್, ಬಸುರಿತನ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಬ್ಬಸ ಇರುವವರು ಇನ್‌ಹೇಲರ್ ಅನ್ನು ನೀರು ಹೋಗದ ಚೀಲದಲ್ಲಿ ಹಾಕಿ ಜೊತೆಗೇ ಇಟ್ಟುಕೊಳ್ಳಿ, ಕಾರಿನಲ್ಲಿ ಬಿಟ್ಟರೆ ಉಪಯೋಗವಿಲ್ಲ. ಕುಡಿದು ಹೋಗುವ ಮಾತೇ ಬೇಡ, ಹಿಂದಿನ ರಾತ್ರಿಯ ಅಮಲು ಉಳಿದಿದ್ದರೂ ಬೇಡ.

ಮಕ್ಕಳ ವಿಷಯದಲ್ಲಿ ವಯಸ್ಸಿಗಿಂತ ಜಾಕೆಟ್ಟಿನ ಅಳತೆ ಮುಖ್ಯ. ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ, ಮಗು ಕೆಳಗೆ ಜಾರುತ್ತದೆ. ಕಾಲಿನ ನಡುವೆ ಹಾಯುವ ಪಟ್ಟಿ ಇರುವ, ಮಗುವಿನ ತೂಕಕ್ಕೆ ಹೊಂದುವ ಜಾಕೆಟ್ ಇಲ್ಲದಿದ್ದರೆ ಮಗುವನ್ನು ಕಯಾಕ್ ಹತ್ತಿಸಬೇಡಿ. ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಹಲಗೆಯ ನಡೆದಾರಿ ಇದೆ, ಚಿಕ್ಕವರಿಗೂ ಅಜ್ಜ ಅಜ್ಜಿಗೂ ಅದು ಸಾಕಷ್ಟು ಚಂದ.

ಇನ್ನು ಮೊಸಳೆ. ಭಾರತದಲ್ಲಿ ಉಪ್ಪುನೀರಿನ ಮೊಸಳೆ ಈಗ ಇರುವುದು ಒಡಿಶಾ, ಸುಂದರಬನ, ಅಂಡಮಾನ್ ಕಡೆ, ನಮ್ಮ ಪಶ್ಚಿಮ ಕರಾವಳಿಯಲ್ಲಲ್ಲ. ದಾಂಡೇಲಿಯಲ್ಲಿ ಕಾಣುವುದು ಸಿಹಿನೀರಿನ ಮೊಸಳೆ, ಅದು ಕಾಳಿ ನದಿಯ ಮೇಲ್ಭಾಗದ ಮಾತು. ಕಾಂಡ್ಲಾದಲ್ಲಿ ನಿಮಗೆ ಗಾಯ ಮಾಡುವುದು ಮೊಸಳೆಯಲ್ಲ, ಸಿಂಪಿ. ಅದರ ವಿಷಯ ಮುಂದೆ ಬರುತ್ತದೆ.

5. ಮನೆಯಲ್ಲೇ ಒಂದು ಪರೀಕ್ಷೆ

ನೆಲದ ಮೇಲೆ ಕಾಲು ಮುಂದಕ್ಕೆ ಚಾಚಿ, ಮಂಡಿ ಸ್ವಲ್ಪ ಮಡಿಸಿ, ಗೋಡೆಗೆ ಒರಗದೆ 20 ನಿಮಿಷ ಕೂತು ನೋಡಿ. ಕಯಾಕ್‌ನಲ್ಲಿ ಕೂರುವುದು ಹೀಗೇ. ಬೆನ್ನು ಹಿಡಿದುಕೊಂಡರೆ ಹೋಗುವ ಮುಂಚಿನ ಎರಡು ವಾರ ದಿನಾ ಅಭ್ಯಾಸ ಮಾಡಿ. ಕೈಯಲ್ಲಿ ಒಂದು ಉದ್ದ ಕೋಲು ಹಿಡಿದು ಸೊಂಟದಿಂದ ಎಡಕ್ಕೂ ಬಲಕ್ಕೂ ತಿರುಗುತ್ತಿರಿ.

ಅಭ್ಯಾಸಕ್ಕೆಂದು ಊರ ಕೆರೆಗೆ ಇಳಿಯಬೇಡಿ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಗುಂಡಿಗಳಿಗೆ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ.

6. ಬಟ್ಟೆ, ಕಾಲಿಗೆ, ಚೀಲಕ್ಕೆ

ಜೀನ್ಸ್ ಬೇಡ. ಒದ್ದೆಯಾದರೆ ಭಾರ, ಒಣಗುವುದಿಲ್ಲ, ಉಪ್ಪುನೀರಿಗೆ ತೊಡೆ ಉಜ್ಜುತ್ತದೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಟೀ ಶರ್ಟ್ ಸಾಕು. ಸೀರೆ, ದುಪಟ್ಟಾ ಬೇಡ, ಕೊಂಬೆಗೂ ಹುಟ್ಟಿಗೂ ಸಿಕ್ಕುತ್ತದೆ. ಕಾಲಿಗೆ ಹಿಮ್ಮಡಿ ಪಟ್ಟಿ ಇರುವ ಸ್ಯಾಂಡಲ್ಸ್ ಅಥವಾ ಹಳೆಯ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿಯನ್ನು ಕೆಸರು ಮೊದಲ ಹೆಜ್ಜೆಗೇ ಎಳೆದುಕೊಳ್ಳುತ್ತದೆ. ಬರಿಗಾಲಂತೂ ಬೇಡವೇ ಬೇಡ.

ಟೋಪಿಗೂ ಕನ್ನಡಕಕ್ಕೂ ದಾರ ಕಟ್ಟಿ. ತಲೆಗೆ ಟೋಪಿ ಇದ್ದರೂ ನೀರಿನಿಂದ ಚಿಮ್ಮುವ ಬಿಸಿಲು ಮುಖ ಸುಡುತ್ತದೆ, ಸನ್‌ಸ್ಕ್ರೀನ್ ಹಚ್ಚಿ. ತಲಾ ಒಂದು ಲೀಟರ್ ಕುಡಿಯುವ ನೀರು ಬೇಕು. ಸುತ್ತ ನೀರಿದ್ದರೂ ಒಂದು ಗುಟುಕೂ ಕುಡಿಯಲು ಬರುವುದಿಲ್ಲ. ಮೊಬೈಲ್, ಕಾರಿನ ಕೀ ಡ್ರೈ ಬ್ಯಾಗ್‌ನಲ್ಲಿರಲಿ. ಡ್ರೈ ಬ್ಯಾಗ್ ಅಂದರೆ ಬಾಯಿಯನ್ನು ಮೂರ್ನಾಲ್ಕು ಸುತ್ತು ಮಡಚಿ ಕ್ಲಿಪ್ ಹಾಕುವ, ನೀರು ಹೋಗದ ಚೀಲ. ಅದನ್ನು ಕಯಾಕ್‌ಗೆ ಕಟ್ಟಿ. ಒಡವೆ ರೂಮಿನಲ್ಲೇ ಇರಲಿ.

7. ದಡದಲ್ಲಿ

ಜಾಕೆಟ್ ತೊಟ್ಟು ಸೊಂಟದ ಪಟ್ಟಿಯಿಂದ ಶುರುಮಾಡಿ ಮೇಲಕ್ಕೆ ಬಿಗಿಯುತ್ತಾ ಬನ್ನಿ. ಆಮೇಲೆ ಜೊತೆಯವರಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಕಿವಿಯ ತನಕ ಬಂದರೆ ಸಡಿಲ ಅಂತ ಅರ್ಥ. ಸೆಕೆ ಅಂತ ನಡುವೆ ಬಿಚ್ಚುವುದು ತುಂಬಾ ಜನ ಮಾಡುವ ತಪ್ಪು. ಫೋಟೋಗೋಸ್ಕರ ಬಿಚ್ಚುವುದು ಇನ್ನೂ ದೊಡ್ಡ ತಪ್ಪು.

ಹತ್ತುವಾಗ ನಿಲ್ಲಬೇಡಿ. ಗೈಡ್ ಕಯಾಕ್ ಹಿಡಿದಿರುವಾಗ ಮೊದಲು ಪೃಷ್ಠ ಊರಿ, ಆಮೇಲೆ ಕಾಲು ಒಂದೊಂದಾಗಿ ಒಳಗೆ ತನ್ನಿ. ಇಬ್ಬರ ಕಯಾಕ್ ಆದರೆ ಭಾರದವರು ಹಿಂದೆ. ಮುಂದಿನವರು ಲಯ ಹಿಡಿಯುತ್ತಾರೆ, ಹಿಂದಿನವರು ಅದೇ ಬದಿಗೆ ಅದೇ ಲಯಕ್ಕೆ ಹುಟ್ಟು ಹಾಕುತ್ತಾ ದಿಕ್ಕು ನೋಡಿಕೊಳ್ಳುತ್ತಾರೆ.

ಹುಟ್ಟನ್ನು ತಲೆಯ ಮೇಲಿಟ್ಟು, ಮೊಣಕೈ ಎರಡೂ ಕಡೆ ನೇರ ಮೂಲೆಯಾಗಿ ಮಡಿಸಿದಾಗ ಕೈ ಎಲ್ಲಿ ಬರುತ್ತದೋ ಅಲ್ಲೇ ಹಿಡಿಯಿರಿ. ಅಲಗಿನ ತಗ್ಗಾದ ಬದಿ ನಿಮ್ಮ ಕಡೆ ಇರಲಿ, ಉಲ್ಟಾ ಹಿಡಿದು ಹತ್ತು ನಿಮಿಷ ಒದ್ದಾಡುವವರು ಬಹಳ. ಪಾದದ ಹತ್ತಿರ ಅಲಗನ್ನು ಪೂರ್ತಿ ಮುಳುಗಿಸಿ, ಸೊಂಟದ ತನಕ ಎಳೆದು, ಎತ್ತಿ. ಎಳೆಯುವುದು ತೋಳಿನಿಂದಲ್ಲ, ಮೈ ತಿರುಗಿಸಿ. ಹಿಡಿತ ಸಡಿಲವಾಗಿರಲಿ, ಗಟ್ಟಿ ಹಿಡಿದರೆ ಹೆಬ್ಬೆರಳಿನ ಸಂದಿಯಲ್ಲಿ ಗುಳ್ಳೆ ಏಳುತ್ತದೆ.

ತಿರುಗಿಸುವುದು ಎತ್ತಿನ ಗಾಡಿಯ ಹಗ್ಗದ ಲೆಕ್ಕಕ್ಕೆ ತದ್ವಿರುದ್ಧ. ಬಲಗಡೆ ಎಳೆದರೆ ಮೂತಿ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಬೇಕಿದ್ದರೆ ಬಲಬದಿಯಲ್ಲಿ ಪಾದದಿಂದ ಹಿಂದಿನ ತನಕ ಅಗಲವಾಗಿ ಅರ್ಧಚಂದ್ರ ಬರೆದ ಹಾಗೆ ಎಳೆಯಿರಿ. ನಿಲ್ಲಿಸಲು ಎರಡೂ ಬದಿ ಒಂದೊಂದು ಸಲ ಹಿಂದಕ್ಕೆ ಒತ್ತಿ. ಮುಂದೆ ಹೋಗುವುದು, ತಿರುಗುವುದು, ನಿಲ್ಲಿಸುವುದು, ಈ ಮೂರೂ ದಡದ ಹತ್ತಿರವೇ ಬರುವ ತನಕ ಕಾಲುವೆಯೊಳಗೆ ಹೋಗಬೇಡಿ. ಗೈಡ್ ಅವಸರ ಮಾಡಿದರೂ ಹತ್ತು ನಿಮಿಷ ಕೇಳಿ ಪಡೆಯಿರಿ.

8. ಕಾಡಿನೊಳಗೆ

ಕೊಂಬೆ ಅಡ್ಡ ಬಂದರೆ ಕೈಯಿಂದ ಹಿಡಿಯಬೇಡಿ. ಕಯಾಕ್ ಮುಗುಚುವುದಕ್ಕೆ ದೊಡ್ಡ ಕಾರಣವೇ ಇದು: ಕೈ ಕೊಂಬೆಯ ಮೇಲೆ ಉಳಿಯುತ್ತದೆ, ದೋಣಿ ಮುಂದೆ ಹೋಗುತ್ತದೆ. ಪಕ್ಕಕ್ಕೂ ವಾಲಬೇಡಿ. ಹುಟ್ಟನ್ನು ದೋಣಿಯ ಉದ್ದಕ್ಕೆ ಇಟ್ಟುಕೊಂಡು ಮುಂದಕ್ಕೆ ಬಗ್ಗಿ ನುಸುಳಿ.

ಬೇರುಗಳನ್ನು ಹತ್ತಿರದಿಂದ ನೋಡಿ. ಒಂದು ಜಾತಿಯ ಮರ ಕಾಂಡದಿಂದಲೇ ಕಮಾನಿನ ಹಾಗೆ ಬೇರು ಇಳಿಸಿ ನಿಂತಿರುತ್ತದೆ. ಇನ್ನೊಂದರ ಸುತ್ತ ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟ ಹಾಗೆ ನೂರಾರು ಬೇರು ಮೇಲೆದ್ದಿರುತ್ತವೆ. ಕೆಸರಿನಲ್ಲಿ ಗಾಳಿ ಇಲ್ಲ, ಆ ಬೇರುಗಳಿಂದಲೇ ಮರ ಉಸಿರಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಾರೋ ಕೊಳಕು ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ, ಗಾಳಿಯಿಲ್ಲದ ಕೆಸರಿನಲ್ಲಿ ಎಲೆ ಕೊಳೆಯುವಾಗ ಬರುವ ಸಹಜ ವಾಸನೆ ಅದು. ಬೇರಿನ ಮೇಲೆ ಒದ್ದೆ ಗುರುತು ಎಲ್ಲಿಯ ತನಕ ಇದೆ ನೋಡಿ. ನೀರು ಅದರಿಂದ ಕೆಳಗಿದ್ದು, ಗುರುತು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದರೆ ಇಳಿತ ಶುರುವಾಗಿದೆ ಅಂತ ಲೆಕ್ಕ. ಗಡಿಯಾರ ನೋಡುವ ಮೊದಲೇ ಬೇರು ಹೇಳುತ್ತದೆ.

ಮರದಲ್ಲಿ ನುಗ್ಗೆಕಾಯಿಯ ಹಾಗೆ ನೇತಾಡುವುದು ಕಾಯಿಯಲ್ಲ, ಸಸಿ. ಬೀಜ ತಾಯಿಮರದಲ್ಲೇ ಮೊಳೆತು, ಒಂದು ಮೊಳದ ತನಕವೂ ಉದ್ದ ಬೆಳೆದು, ಆಮೇಲೆ ಕಳಚಿ ಬೀಳುತ್ತದೆ. ಕೆಸರಿಗೆ ನೆಟ್ಟಗೆ ಬಿದ್ದರೆ ಅಲ್ಲೇ ಬೇರುಬಿಡುತ್ತದೆ, ನೀರಿಗೆ ಬಿದ್ದರೆ ತೇಲಿಹೋಗಿ ಬೇರೆಲ್ಲೋ ನೆಲೆ ಹುಡುಕುತ್ತದೆ. ಅದನ್ನು ಕಿತ್ತು ತುಮಕೂರಿಗೆ ತಂದು ಕುಂಡದಲ್ಲಿ ನೆಡುವ ಆಸೆ ದಯವಿಟ್ಟು ಬೇಡ. ಒಂದು ಕಿತ್ತರೆ ಒಂದು ಮರ ಹೋದ ಹಾಗೆ.

ನಡುವೆ ಬಲೆ ಕಟ್ಟಿದ ಗೂಟ, ಪಾತಿ ದೋಣಿಯಲ್ಲಿ ಮೀನು ಹಿಡಿಯುವವರು, ಇಳಿತದಲ್ಲಿ ಬಳಚು ಆಯುವವರು ಸಿಗುತ್ತಾರೆ. ಬಳಚು ಅಂದರೆ ಅಲ್ಲಿ ತಿನ್ನುವ ಚಿಪ್ಪುಜೀವಿ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎನಿಸಿದ ಅಘನಾಶಿನಿಯ ಅಳಿವೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದಲೇ. ನಮಗೆ ಅದು ರಜೆಯ ಜಾಗ, ಅವರಿಗೆ ಹೊಲ. ಬೇರೆಯವರ ಹೊಲದ ಬದುವಿನಲ್ಲಿ ಹೇಗೆ ನಡೆಯುತ್ತೇವೋ ಹಾಗೆ ದೂರದಿಂದ, ಬಲೆಗೆ ಹುಟ್ಟು ತಾಗದಂತೆ, ಗದ್ದಲವಿಲ್ಲದೆ ದಾಟಿ. ಸ್ಪೀಕರ್ ಹಚ್ಚಿಕೊಂಡು ಹೋದವರಿಗೆ ಒಂದು ಮಿಂಚುಳ್ಳಿಯೂ ಕಾಣುವುದಿಲ್ಲ.

9. ಮಗುಚಿದರೆ

ಮೊದಲು ಜಾಕೆಟ್ ನಿಮ್ಮನ್ನು ಮೇಲೆ ತರುತ್ತದೆ, ಆ ಎರಡು ಕ್ಷಣ ತಾಳಿ. ಕಯಾಕ್ ಹಿಡಿದುಕೊಳ್ಳಿ, ಆದರೆ ಹುಟ್ಟನ್ನೂ ಬಿಡಬೇಡಿ. ಅಂಗಾತ ಮಲಗಿ, ಕಾಲು ನೀರಿನ ಮೇಲ್ಮಟ್ಟದಲ್ಲಿ ಇರಲಿ. ಕೂಗಿ, ಅಥವಾ ಜಾಕೆಟ್ಟಿನ ಸೀಟಿ ಊದಿ, ಗೈಡ್ ಬರುವ ತನಕ ಕಾಯಿರಿ.

ಎರಡು ಕೆಲಸ ಮಾಡಬೇಡಿ. ಒಂದು, ಬೇರಿಗೆ ಕೈ ಚಾಚಬೇಡಿ. ಬೇರಿಗೆ ಕಚ್ಚಿಕೊಂಡ ಸಿಂಪಿ ಚಿಪ್ಪುಗಳು ಬ್ಲೇಡಿನಷ್ಟೇ ಹರಿತ. ಇನ್ನೊಂದು, ನಿಲ್ಲಲು ಹೋಗಬೇಡಿ. ನಾಟಿ ಗದ್ದೆಯ ಕೆಸರಿಗೆ ಕೆಳಗೆ ಗಟ್ಟಿ ತಳ ಇರುತ್ತದೆ, ಕಾಂಡ್ಲಾದ ಕೆಸರಿಗೆ ಆ ಭರವಸೆ ಇಲ್ಲ. ಕಾಲು ಹೂತುಹೋದರೆ ಜೋರಾಗಿ ಕೀಳಬೇಡಿ, ಒಂದನ್ನು ಎಳೆಯಲು ಹೋದರೆ ಇನ್ನೊಂದು ಇನ್ನಷ್ಟು ಇಳಿಯುತ್ತದೆ. ಕಯಾಕ್ ಮೇಲೆ ಎದೆ ಊರಿ ಮೈಭಾರ ಅದಕ್ಕೆ ಬಿಟ್ಟು, ಪಾದ ಅಲ್ಲಾಡಿಸುತ್ತಾ ನಿಧಾನಕ್ಕೆ ಬಿಡಿಸಿಕೊಳ್ಳಿ. ಶೂ ಹೋದರೆ ಹೋಗಲಿ.

10. ದಡಕ್ಕೆ ಬಂದ ಮೇಲೆ

ಸಿಹಿನೀರಿನಲ್ಲಿ ಮೈ, ಶೂ, ಚೀಲದ ಕ್ಲಿಪ್ ಎಲ್ಲ ತೊಳೆಯಿರಿ. ಚಿಪ್ಪು ಗೀರಿದ ಗಾಯ ಚಿಕ್ಕದಿದ್ದರೂ ಸೋಪು ಹಾಕಿ ತೊಳೆಯಿರಿ. ಕೆಸರು ಒಳಗೆ ಉಳಿದಿದ್ದರೆ, ಕೆಂಪಗೆ ಊದಿದರೆ, ಟಿ.ಟಿ. ಇಂಜೆಕ್ಷನ್ ತೆಗೆದುಕೊಂಡು ವರ್ಷಗಳಾಗಿದ್ದರೆ ಡಾಕ್ಟರಿಗೆ ತೋರಿಸಿ.

ಅದೇ ದಿನ ಸಂಜೆ ಕಾರು ಹತ್ತಿ ವಾಪಸ್ ಹೊರಡಬೇಡಿ. ದಣಿದ ಭುಜದಲ್ಲಿ ರಾತ್ರಿ ಘಾಟಿಯ ತಿರುವು ಹತ್ತುವುದು ಕಯಾಕ್‌ಗಿಂತ ಅಪಾಯ. ಒಂದು ರಾತ್ರಿ ಉಳಿದುಕೊಳ್ಳಿ. ಡ್ರೈವಿಂಗ್ ಬೇಡ ಅನ್ನುವವರಿಗೆ ತಾಳಗುಪ್ಪದ ರೈಲು ತುಮಕೂರಿನ ಮೇಲೆಯೇ ಹೋಗುತ್ತದೆ, ಅಲ್ಲಿಂದ ಹೊನ್ನಾವರಕ್ಕೆ ರಸ್ತೆಯಲ್ಲಿ ಇಳಿಯಬಹುದು.

ಮಲಗುವ ಮೊದಲು ಒಂದು ಚೀಟಿಯಲ್ಲಿ ಆ ದಿನದ ತಿಥಿ, ನೀರು ತುಂಬಿದ ಹೊತ್ತು, ನೀವು ನೀರಿಗಿಳಿದ ಹೊತ್ತು, ದಡ ಹತ್ತಿದ ಹೊತ್ತು ಬರೆದಿಡಿ. ಮುಂದಿನ ಸಲ ಅದೇ ತಿಥಿಗೆ ಹೋದರೆ ಭರತವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ.